ಕಳೆದ ಸಲಕ್ಕೆ

ಫಲಕದಲ್ಲಿ ಓಸ್ಲೊ ಎಂಬ ಹೆಸರಿನ ಎದುರು ಹೊರಡುವ ಹೊತ್ತು ಮಾತ್ರ ಇತ್ತು. ತಲುಪುವ ಹೊತ್ತು ಇರಲಿಲ್ಲ. ತೋರುನ್ ಕೈಚೀಲವನ್ನು ಒಂದು ಭುಜದಿಂದ ಇನ್ನೊಂದಕ್ಕೆ ಬದಲಿಸುತ್ತಾ ಆ ಖಾಲಿ ಜಾಗವನ್ನೇ ನೋಡುತ್ತಿದ್ದಳು. ಟ್ರೊಮ್ಸೊದಿಂದ ಓಸ್ಲೊಗೆ ಎಷ್ಟು ಹೊತ್ತು ಎಂದು ಈ ಊರಿನಲ್ಲಿ ಯಾರನ್ನು ಕೇಳಿದರೂ ಎರಡು ಗಂಟೆಗೆ ಒಂದಿಷ್ಟು ಕಡಿಮೆ ಎನ್ನುತ್ತಾರೆ, ಪಕ್ಕದ ಬಡಾವಣೆಗೆ ಹೋಗುವ ಬಸ್ಸಿನ ವಿಷಯ ಹೇಳಿದ ಹಾಗೆ. ದಕ್ಷಿಣದ ಗಾಳಿ ಜೋರಾಗಿ ಎದುರಾದ ದಿನ ಅದು ಎರಡು ಗಂಟೆ ದಾಟುತ್ತದೆ ಎಂಬುದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಹಚ್ಚಿಕೊಳ್ಳಲು ಅವರಿಗೆ ಕಾರಣವೂ ಇಲ್ಲ. ತೋರುನ್‌ಗೆ ಇತ್ತು. ಹವಾಮಾನ ಕಚೇರಿಯಲ್ಲಿ ಕುಳಿತು ವಿಮಾನಗಳಿಗಾಗಿ ಗಾಳಿಯ ಮುನ್ಸೂಚನೆ ಬರೆಯುವುದು ಅವಳ ಕೆಲಸ. ಗಂಡ ಹೋವರ್ ಸತ್ತ ಮೇಲೆ ಇದು ಎರಡನೆಯ ಚಳಿಗಾಲ. ಅಂದಿನಿಂದ ಅವಳು ಈ ದಾರಿಯಲ್ಲಿ ಹಾರಿಲ್ಲ. ಓಸ್ಲೊದ ಸಭೆಗಳಿಗೆಲ್ಲ ಪರದೆಯ ಮೇಲೆ ಮುಖ ತೋರಿಸಿ ಮುಗಿಸಿದ್ದಾಳೆ, ಗಂಟಲು ಸರಿಯಿಲ್ಲ ಎಂದಿದ್ದಾಳೆ, ಒಮ್ಮೆ ಹಲ್ಲುನೋವು ಎಂದಿದ್ದಾಳೆ. ಈಗಲೂ ಬರುತ್ತಿರಲಿಲ್ಲ, ಅತ್ತೆ ಬೋರ್ಗಿಲ್ಡ್ ದ್ವೀಪದಿಂದ ಫೋನು ಮಾಡಿ, ಓಸ್ಲೊದಲ್ಲಿರುವ ತಂಗಿಗೆ ಎಪ್ಪತ್ತು ತುಂಬುತ್ತದೆ, ಒಬ್ಬಳೇ ವಿಮಾನ ಹತ್ತುವುದು ತನ್ನಿಂದಾಗದು ಎಂದು ಹೇಳದೇ ಇದ್ದಿದ್ದರೆ.

ಬೋರ್ಗಿಲ್ಡ್ ಈಗ ತಪಾಸಣೆಯ ಪಟ್ಟಿಯ ಆಚೆ ಬರಿಗಾಲಲ್ಲಿ ನಿಂತಿದ್ದಳು. ಅವಳ ಚೀಲವನ್ನು ಪಕ್ಕಕ್ಕೆ ಎಳೆದುಕೊಂಡ ತಪಾಸಣೆಯ ಹೆಂಗಸು ಅದರೊಳಗಿಂದ ಒಂದು ಗಾಜಿನ ಜಾಡಿಯನ್ನು ಎತ್ತಿ ಬೆಳಕಿಗೆ ಹಿಡಿದಳು. ಹಳದಿ ಹಣ್ಣುಗಳು ತಮ್ಮದೇ ರಸದಲ್ಲಿ ಮೆಲ್ಲಗೆ ಸರಿದಾಡಿದವು.

"ಇದು ಹೋಗಲ್ಲ."

"ಯಾಕೆ ಹೋಗಲ್ಲ? ಮುಚ್ಚಳ ಬಿಗಿಯಾಗೇ ಇದೆ."

"ದ್ರವದ ಲೆಕ್ಕಕ್ಕೆ ಬರತ್ತೆ."

"ದ್ರವಾನಾ? ಮುಲ್ತೆ ಹಣ್ಣು ಕಣೇ ಇದು. ನೀನು ಎಲ್ಲಿಯವಳು?"

"ಬಾಲ್ಸ್‌ಫ್ಯೂರ್."

"ಬಾಲ್ಸ್‌ಫ್ಯೂರ್‌ನವಳಾಗಿ ಮುಲ್ತೇನ ನೀರು ಅಂತೀಯಲ್ಲ! ನಿಮ್ಮಮ್ಮ ಕೇಳಿಸ್ಕೊಂಡ್ರೆ ಏನಂದಾಳು?"

"ನಮ್ಮಮ್ಮ ಕೇಳಿಸ್ಕೊಂಡ್ರೆ ಇಷ್ಟು ದಪ್ಪ ಹಣ್ಣು ಸಿಗೋ ಜವುಗು ಎಲ್ಲಿದೆ ಅಂತ ಮೊದಲು ಕೇಳ್ತಾಳೆ."

"ಅದನ್ನ ನಾನು ಪಾದ್ರಿಗೂ ಹೇಳಿಲ್ಲ," ಎಂದಳು ಬೋರ್ಗಿಲ್ಡ್. "ಇಲ್ಲೇ ಬಿಟ್ರೆ ಏನ್ಮಾಡ್ತೀರಿ?"

"ಕಸಕ್ಕೆ ಹಾಕ್ಬೇಕು. ನಿಯಮ ನಾನು ಮಾಡಿದ್ದಲ್ಲ."

"ನಿಯಮ ಮಾಡಿದವನ ಕುಂಡೀಗೆ ಕುದುರೆ ಒದೀಲಿ," ಎಂದಳು ಬೋರ್ಗಿಲ್ಡ್, ಕೋಪವಿಲ್ಲದೆ, ಹವೆಯ ಬಗ್ಗೆ ಹೇಳಿದ ಹಾಗೆ.

ಹಿಂದೆ ಸಾಲಿನಲ್ಲಿದ್ದವರು ಉಸಿರು ಬಿಟ್ಟರು. ಯಾರೋ ಒಬ್ಬ ನಕ್ಕ. ತೋರುನ್‌ಗೆ ಕಿವಿ ಬಿಸಿಯಾಯಿತು. ಅವಳು ಓಸ್ಲೊದ ಹತ್ತಿರದವಳು; ಸಾಲಿನಲ್ಲಿ ನಿಂತಾಗ ದನಿ ಎತ್ತಬಾರದು, ತನ್ನಿಂದ ಇನ್ನೊಬ್ಬರಿಗೆ ತಡವಾಗಬಾರದು ಎಂದು ಕಲಿತು ಬೆಳೆದವಳು. ತಡ. ಆ ಮಾತು ಮನಸ್ಸಿನಲ್ಲಿ ಬಂದು ಹೋಯಿತು. ಎಂಟು ವರ್ಷ ಉತ್ತರದಲ್ಲಿ ಬಾಳಿದರೂ ಈ ಬೈಗುಳಗಳು ಅವಳ ನಾಲಿಗೆಗೆ ಹತ್ತಿರಲಿಲ್ಲ. ಹೋವರ್ ಅವಳ ಬಾಯಲ್ಲಿ ಒಂದನ್ನಾದರೂ ಹೊರಡಿಸಬೇಕೆಂದು ಹಟ ಹಿಡಿದು ಸೋತಿದ್ದ. 'ನೀನು ಬೈದರೆ ಇಲಾಖೆಯ ಸುತ್ತೋಲೆ ಓದಿದ ಹಾಗಿರುತ್ತೆ,' ಅನ್ನುತ್ತಿದ್ದ. ಆ ಜಾಡಿಯ ಹಣ್ಣುಗಳನ್ನು ಕಿತ್ತವನು ಅವನೇ; ಮುಚ್ಚಳದ ಚೀಟಿಯ ಮೇಲೆ ಅವನದೇ ಅಕ್ಷರದಲ್ಲಿ ಇಸವಿಯಿತ್ತು. ಕೊನೆಯ ಆಗಸ್ಟಿನಲ್ಲಿ, ಸೊಳ್ಳೆ ಮುತ್ತಿದ ಜವುಗಿನಲ್ಲಿ ತಾಯಿಯೂ ಮಗನೂ ಮಂಡಿಯೂರಿ, ದಾರಿ ಗೊತ್ತಾಗದಿರಲೆಂದು ಬೇರೆ ಬೇರೆ ಹೊತ್ತಿಗೆ ಹೊರಟು, ಬೇರೆ ಬೇರೆ ಹೊತ್ತಿಗೆ ಮರಳಿದ್ದರು. ಅವಳನ್ನು ಕರೆದುಕೊಂಡು ಹೋಗಿರಲಿಲ್ಲ. 'ಮದುವೆಯಾದ ಮಾತ್ರಕ್ಕೆ ಜವುಗು ತೋರಿಸ್ತಾರಾ? ಹತ್ತು ವರ್ಷ ಆಗ್ಲಿ, ತಡಿ,' ಎಂದಿದ್ದ. ಬೋರ್ಗಿಲ್ಡ್ ಆ ಹಣ್ಣನ್ನು ಇಷ್ಟು ದಿನವೂ ಶೈತ್ಯಪೆಟ್ಟಿಗೆಯ ತಳದಲ್ಲಿಟ್ಟು ಕಾಪಾಡಿದ್ದಾಳೆ ಎಂಬುದು ತೋರುನ್‌ಗೆ ಈ ಕ್ಷಣದವರೆಗೆ ಗೊತ್ತಿರಲಿಲ್ಲ.

"ಚಮಚ ಇದ್ಯಾ?" ಬೋರ್ಗಿಲ್ಡ್ ಕೇಳಿದಳು.

"ಏನು?"

"ಚಮಚ ಕಣೇ. ಹೊಟ್ಟೇಲಿ ತಗೊಂಡು ಹೋಗೋಕೆ ಅಡ್ಡಿಯಿಲ್ವಲ್ಲ?"

ತಪಾಸಣೆಯ ಹೆಂಗಸು ಜಾಡಿಯನ್ನು ಬೋರ್ಗಿಲ್ಡ್‌ಳ ಕೈಗೆ ಕೊಟ್ಟಳು. ಆಮೇಲೆ ಕೈಗವಸು ಕಳಚಿ, ಸಿಬ್ಬಂದಿಯ ಕೋಣೆಗೆ ಹೋಗಿ, ಎರಡು ಪ್ಲಾಸ್ಟಿಕ್ ಚಮಚ ಹಿಡಿದುಕೊಂಡು ಬಂದಳು. ಜನ ಬೂಟು ಹಾಕಿಕೊಳ್ಳಲು ಕೂರುವ ಬೆಂಚಿನ ಮೇಲೆ ಅತ್ತೆ ಸೊಸೆ ಇಬ್ಬರೂ ಕುಳಿತು, ಜಾಡಿಯನ್ನು ನಡುವೆ ಇಟ್ಟುಕೊಂಡು ತಿಂದರು. ಬೋರ್ಗಿಲ್ಡ್ ಮೊದಲ ಚಮಚವನ್ನು ತುಂಬಿ ಆ ಹೆಂಗಸಿನ ಬಾಯ ಹತ್ತಿರ ಹಿಡಿದಳು. ಕೆಲಸದಲ್ಲಿದ್ದೀನಿ ಎಂದ ಅವಳು ಅತ್ತಿತ್ತ ನೋಡಿ, ತಿಂದು, ಕಣ್ಣು ಮುಚ್ಚಿ, "ಸೈತಾನ!" ಎಂದು ಮೆಚ್ಚುಗೆಯಿಂದ ಬೈದಳು. ತೋರುನ್‌ಳ ನಾಲಿಗೆಗೆ ಹುಳಿ ತಾಗಿತು, ಆಮೇಲೆ ಸಿಹಿ, ಆಮೇಲೆ ಗಟ್ಟಿ ಬೀಜಗಳು. ಎಷ್ಟೋ ತಿಂಗಳಿಂದ ಊಟ ಅವಳಿಗೆ ಬಾಯಿಗೆ ಹಾಕಿಕೊಳ್ಳುವ ಒಂದು ಕೆಲಸವಾಗಿತ್ತು ಅಷ್ಟೆ. ಇದಕ್ಕೆ ರುಚಿಯಿದೆ ಎಂದು ಗೊತ್ತಾದಾಗ ಆಶ್ಚರ್ಯವಾಯಿತು, ತುಸು ನಾಚಿಕೆಯೂ ಆಯಿತು. ಅವನು ಕಿತ್ತ ಹಣ್ಣು ಮುಗಿಯುತ್ತಿದೆ. ತಾನು ಇನ್ನೊಂದು ಚಮಚಕ್ಕೆ ಕೈ ಹಾಕುತ್ತಿದ್ದೇನೆ.

ಜಾಡಿ ಖಾಲಿಯಾದಾಗ, "ಊಟಕ್ಕೆ ತಕ್," ಎಂದಳು ತೋರುನ್. ಬಾಯಿ ತಾನಾಗಿಯೇ ಹೇಳಿತು.

"ತಕ್ ನಿನಗೇ," ಎಂದಳು ಬೋರ್ಗಿಲ್ಡ್. ಅವಳ ಬಾಯಿಯೂ ತಾನಾಗಿಯೇ ಹೇಳಿತು.

ತಕ್ ಎಂದರೆ ಕೃತಜ್ಞತೆ; ಈ ದೇಶದಲ್ಲಿ ಯಾರೂ ಹೇಳಿಕೊಟ್ಟು ಕಲಿಯುವುದಲ್ಲ ಅದು. ಉಂಡೆದ್ದರೆ ಊಟಕ್ಕೆ ತಕ್. ಜೊತೆಯಲ್ಲಿ ನಡೆದು ಮನೆ ತಲುಪಿದರೆ ದಾರಿಗೆ ತಕ್. ಕೆಲಸ ಮುಗಿಸಿ ಕೋಟು ತೊಟ್ಟರೆ ಈ ದಿನಕ್ಕೆ ತಕ್. ಹಿಂದೊಮ್ಮೆ ಜೊತೆಗೂಡಿದವರು ಮತ್ತೆ ಎದುರಾದರೆ, ನಡುವೆ ಎಷ್ಟು ಕಾಲ ಕಳೆದಿದ್ದರೂ, ಮೊದಲ ಮಾತೇ ಕಳೆದ ಸಲಕ್ಕೆ ತಕ್. ನೆಂಟರ ಮನೆಯಿಂದ ಹೊರಡುವವನು ಹೊಸ್ತಿಲಲ್ಲಿ ನಿಂತು ನನಗಾಗಿ ತಕ್ ಎನ್ನುತ್ತಾನೆ: ನನ್ನನ್ನು ಸಹಿಸಿದ್ದಕ್ಕೆ ಎಂದೋ, ನಾನು ಇಲ್ಲಿ ಇದ್ದದ್ದಕ್ಕೆ ಎಂದೋ, ಅರ್ಥವನ್ನು ಯಾರೂ ಬಿಡಿಸುವುದಿಲ್ಲ. ಹೋವರ್ ಅದನ್ನು ಸ್ವಂತ ಮನೆಯಲ್ಲೇ ಹೇಳುತ್ತಿದ್ದ. ಕಸ ಹಾಕಲು ಕೆಳಗಿಳಿಯುವಾಗ, ಸ್ನಾನಕ್ಕೆ ಹೋಗುವಾಗ, ಬಾಗಿಲಲ್ಲಿ ಬಗ್ಗಿ ನಮಸ್ಕರಿಸಿ 'ನನಗಾಗಿ ತಕ್' ಎನ್ನುತ್ತಿದ್ದ. ನವೆಂಬರಿನ ಆ ಬೆಳಿಗ್ಗೆ ಅಂಗಳದ ಹಿಮ ಎತ್ತಲು ಸಲಿಕೆ ಹಿಡಿದು ಹೊರಟಾಗಲೂ ಅದನ್ನೇ ಹೇಳಿದ. ಅವಳು ಪತ್ರಿಕೆಯಿಂದ ತಲೆ ಎತ್ತಲಿಲ್ಲ. ಸಲಿಕೆಯ ಸದ್ದು ಕೇಳುತ್ತಿತ್ತು, ಆಮೇಲೆ ಕೇಳಲಿಲ್ಲ. ಪಕ್ಕದ ಮನೆಯವರ ಜೊತೆ ಮಾತಿಗೆ ನಿಂತಿರಬೇಕು ಎಂದುಕೊಂಡಳು. ತಲೆಯೊಳಗೆ ರಕ್ತನಾಳ ಒಡೆದಿತ್ತು. ಆಸ್ಪತ್ರೆಯಲ್ಲಿ ಯಂತ್ರದ ಬಲದಿಂದ ಅವನ ಎದೆ ಏರಿಳಿಯುತ್ತಲೇ ಇತ್ತು, ಕೆನ್ನೆ ಬೆಚ್ಚಗಿತ್ತು. ಅವನು ಮಾತ್ರ ಇರಲಿಲ್ಲ.

ವಿಮಾನದಲ್ಲಿ ಬೋರ್ಗಿಲ್ಡ್‌ಗೆ ಕಿಟಕಿಯ ಪಕ್ಕ ಕೊಟ್ಟು, ತೋರುನ್ ನಡುವಿನ ಸೀಟಿನಲ್ಲಿ ಕುಳಿತಳು. ಆಚೆಯ ಸೀಟು ಖಾಲಿಯಿತ್ತು. ಅದರ ಮೇಲೆ ಕೈಚೀಲ ಇಡಹೋದವಳು ಇಡದೆ ಕಾಲ ಬಳಿ ಇಟ್ಟುಕೊಂಡಳು. ಅಂದು ಆಸ್ಪತ್ರೆಯಿಂದ ಹೋದ ಆ ಡಬ್ಬಿಯನ್ನು ವಿಮಾನದಲ್ಲಿ ಎಲ್ಲಿಟ್ಟಿರುತ್ತಾರೆ ಎಂಬ ಯೋಚನೆ ಹಿಂದೆಯೂ ಬಂದಿತ್ತು. ಸೀಟಿನ ಮೇಲೆ ಬೆಲ್ಟು ಬಿಗಿದು ಇಡುತ್ತಾರೋ, ಯಾರಾದರೂ ತೊಡೆಯ ಮೇಲೆ ಹಿಡಿದುಕೊಳ್ಳುತ್ತಾರೋ. ನಾರ್ವೆಯಲ್ಲಿ ಒಬ್ಬರ ಹೃದಯವನ್ನು ಇನ್ನೊಬ್ಬರಿಗೆ ಕೂರಿಸುವುದು ಓಸ್ಲೊದಲ್ಲಿ ಮಾತ್ರ. ಯಾವ ಮೂಲೆಯಲ್ಲಿ ಯಾರು ಸತ್ತರೂ ಅದು ಅಲ್ಲಿಗೆ ಹಾರಬೇಕು. ಅಂದು ಇದೇ ನೆಲದಿಂದ ಒಂದು ಪುಟ್ಟ ವಿಮಾನದಲ್ಲಿ ಹೋವರ್‌ನ ಹೃದಯ ಹೋಗಿತ್ತು. ಹೊತ್ತಿಗೆ ಸರಿಯಾಗಿ ತಲುಪಿತೋ ಇಲ್ಲವೋ ಅವಳಿಗೆ ಗೊತ್ತಿಲ್ಲ. ಕೇಳಿದ್ದರೆ ಹೇಳುತ್ತಿದ್ದರು. ಯಾರಿಗೆ ಎಂದು ಹೇಳುವುದಿಲ್ಲ, ಏನಾಯಿತು ಎಂದು ಹೇಳುತ್ತಾರೆ. ಆಸ್ಪತ್ರೆಯ ಹೆಂಗಸೊಬ್ಬಳು ಎರಡು ಸಲ ಫೋನು ಮಾಡಿ, 'ನಿನಗೆ ತಿಳ್ಕೋಬೇಕು ಅನ್ನಿಸಿದಾಗ ಕರೆ ಮಾಡು, ಯಾವಾಗ ಬೇಕಾದರೂ,' ಎಂದಿದ್ದಳು. 'ಬೇಡ,' ಎಂದಿದ್ದಳು ತೋರುನ್. 'ತಕ್. ಬೇಡ.' ಬೋರ್ಗಿಲ್ಡ್‌ಗೂ ಹೇಳಿದ್ದಳು, ಆ ವಿಷಯ ತನ್ನ ಮುಂದೆ ಎತ್ತಬಾರದೆಂದು.

ವಿಮಾನ ಓಟ ಹೆಚ್ಚಿಸಿತು. ಬೋರ್ಗಿಲ್ಡ್ ಅವಳ ಕೈ ಹಿಡಿದಳು. ಮೂವತ್ತು ವರ್ಷ ಮೀನಿನ ಕಾರ್ಖಾನೆಯಲ್ಲಿ ಚೂರಿ ಹಿಡಿದ ಕೈ. ತೋರುನ್‌ಳ ಬೆರಳುಗಳು ಒಂದರ ಮೇಲೊಂದು ಹತ್ತಿಕೊಂಡವು.

"ಎಷ್ಟು ಮೀಲ್ ಅಂದೆ?"

"ನೂರಾ ಹತ್ತರ ಮೇಲೆ." ಇಲ್ಲಿಯ ಒಂದು ಮೀಲ್ ಎಂದರೆ ಹತ್ತು ಕಿಲೋಮೀಟರ್.

"ಕಾರಲ್ಲಿ?"

"ಕಾರಲ್ಲಾದ್ರೆ ಅದರ ಒಂದೂವರೆ ಪಟ್ಟು. ಎರಡು ದಿನ."

"ಅದೇ ವಾಸಿ ಇತ್ತು. ಕಾರು ಬಿದ್ರೆ ಚರಂಡಿಗೆ ಬೀಳತ್ತೆ, ಸಮುದ್ರಕ್ಕಲ್ಲ."

"ಕಣ್ಣು ತೆಗಿ. ಎದ್ದಾಯ್ತು."

"ಸುಳ್ಳು ಹೇಳ್ಬೇಡ."

ಕೆಳಗೆ ಜಲಸಂಧಿ, ಸೇತುವೆ, ಬಿಳಿಯ ಬೆಟ್ಟಗಳ ಬೆನ್ನು. ಚಳಿಗಾಲದ ಎರಡು ತಿಂಗಳ ಕತ್ತಲೆ ಮುಗಿಸಿ ಜನವರಿಯಲ್ಲಿ ಮರಳಿದ ಸೂರ್ಯ ಈಗ ಕಿಟಕಿಯೊಳಗೆ ಬಂದು ಬೋರ್ಗಿಲ್ಡ್‌ಳ ಕೆನ್ನೆಯ ಸಣ್ಣ ಕೂದಲುಗಳನ್ನು ತೋರಿಸುತ್ತಿದ್ದ. ಗಾಳಿ ಇಂದು ಹಿಂದಿನಿಂದ ಇತ್ತು. ಪೈಲಟ್ ಹೊತ್ತಿಗೆ ಮೊದಲೇ ಇಳಿಯುತ್ತೇವೆ ಎಂದ. ಅಂದು ಹಾಗಿರಲಿಲ್ಲ. ಅಂದು ಆಸ್ಪತ್ರೆಯ ಕಿಟಕಿಯಲ್ಲಿ ನಿಂತಾಗ, ನಕ್ಷೆ ನೋಡದೆಯೇ ಅವಳಿಗೆ ತಿಳಿದಿತ್ತು: ನೈಋತ್ಯದ ಆಕಾಶ ನೀರಿನ ಬಣ್ಣಕ್ಕೆ ತಿರುಗಿದೆ, ಸಂಜೆಗೆ ಗಾಳಿ, ರಾತ್ರಿಗೆ ಹಿಮ, ನಾಳೆ ಇನ್ನೂ ಹೆಚ್ಚು. ಡಾಕ್ಟರು ಮೆಲ್ಲನೆಯ ದನಿಯಲ್ಲಿ ಕೇಳಿದ್ದರು. ಅವಸರವಿಲ್ಲ ಎಂದಿದ್ದರು, ಆದರೆ ಓಸ್ಲೊದ ತಂಡ ಇಲ್ಲಿಗೆ ಬರಬೇಕು, ಮರಳಬೇಕು, ಹೊರತೆಗೆದ ಮೇಲೆ ಹೃದಯಕ್ಕಿರುವುದು ನಾಲ್ಕು ಗಂಟೆ ಎಂದೂ ಹೇಳಿದ್ದರು. ಹೋವರ್‌ಗೆ ಕೊಡುವ ಇಚ್ಛೆಯಿತ್ತು. ಎಂದೋ ಆಡಿದ್ದ, ಅದರಲ್ಲಿ ಅನುಮಾನವಿರಲಿಲ್ಲ. ಹೂಂ ಎನ್ನುವುದೊಂದೇ ಉಳಿದಿದ್ದದ್ದು. ಅವಳು, 'ಅವನ ತಾಯಿ ಬರಲಿ,' ಎಂದಳು. ದ್ವೀಪದ ದೋಣಿ ಗಾಳಿಗೆ ರದ್ದಾಗಿತ್ತು. ಬೋರ್ಗಿಲ್ಡ್ ಯಾರದೋ ಮೀನಿನ ಲಾರಿ ಹತ್ತಿ ಸೇತುವೆಗಳ ಸುತ್ತುದಾರಿಯಲ್ಲಿ ಹೊರಟಿದ್ದಾಳೆ ಎಂದು ಸುದ್ದಿ ಬಂದಿತ್ತು. ಡಾಕ್ಟರು ಮತ್ತೊಮ್ಮೆ ಬಂದರು, ಏನೂ ಕೇಳಲಿಲ್ಲ, ಕಿಟಕಿಯ ಹೊರಗೆ ನೋಡಿ ಹೋದರು. ಅವಳೂ ನೋಡಿದಳು. ಮೋಡ ಬೆಟ್ಟದ ಮೇಲಿನಿಂದ ಇಳಿಯುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಗೊತ್ತಿರಲಿಲ್ಲ ಎನ್ನಬಹುದಿತ್ತು. ಅವಳಿಗೆ ಗೊತ್ತಿತ್ತು, ಅದೇ ಅವಳ ಸಂಬಳದ ಕೆಲಸ, ಆದರೂ ಕೂತಳು. ಬೋರ್ಗಿಲ್ಡ್ ಬಂದು, ನೋಡಿ, ಆಮೇಲೆ ತೋರುನ್ ಹೂಂ ಎಂದು, ತಂಡ ಬಂದು, ಎಲ್ಲ ಮುಗಿದು ಹೊರಡುವ ಹೊತ್ತಿಗೆ ಹಿಮ ಅಡ್ಡಡ್ಡವಾಗಿ ಬೀಳುತ್ತಿತ್ತು.

ಅವರು ಹೊರಟದ್ದನ್ನು ಅವಳು ಕಂಡಳು. ಕಾಣಬೇಕಾಗಿರಲಿಲ್ಲ, ನೀರು ಕುಡಿಯಲು ಹೊರಗೆ ಬಂದಿದ್ದಳು. ಹಸಿರು ಬಟ್ಟೆಯ ಮೇಲೆ ದಪ್ಪ ಕೋಟು ತೊಟ್ಟ ಇಬ್ಬರು ಮೊಗಸಾಲೆಯಲ್ಲಿ ಬೇಗಬೇಗ ಬರುತ್ತಿದ್ದರು, ಒಬ್ಬ ಗಂಡಸು, ಒಬ್ಬ ಹೆಂಗಸು. ಗಂಡಸಿನ ಕೈಯಲ್ಲಿ ಒಂದು ನೀಲಿ ಡಬ್ಬಿ, ಬೇಸಿಗೆಯಲ್ಲಿ ಸಮುದ್ರದಂಡೆಗೆ ಕೊಂಡೊಯ್ಯುವಂಥದ್ದು. ಅವಳು ಗೋಡೆಗೆ ಸರಿದಳು. ಅವರು ಎದುರಿಗೆ ಬಂದಾಗ ಏನಾದರೂ ಹೇಳಬೇಕೆನಿಸಿತು, ಹೇಳದೆ ಬಿಟ್ಟರೆ ಒರಟಾಗುತ್ತದೆ ಎನಿಸಿತು, ಬಾಯಿ ತೆರೆಯಿತು. "ಎಲ್ಲಕ್ಕೂ ತಕ್," ಎಂದಳು. ಗಂಡಸು ನಿಂತುಬಿಟ್ಟ. ಹೆಂಗಸು ತನ್ನ ಬೂಟು ನೋಡಿಕೊಂಡಳು. ಎಲ್ಲಕ್ಕೂ ತಕ್ ಎಂದು ಬದುಕಿರುವವರಿಗೆ ಯಾರೂ ಹೇಳುವುದಿಲ್ಲ. ಅದು ಸಮಾಧಿಯ ಕಲ್ಲಿನ ಮೇಲೆ ಕೆತ್ತುವ ಮಾತು, ಶವದ ಪೆಟ್ಟಿಗೆಯ ಹೂಮಾಲೆಯ ಪಟ್ಟಿಯ ಮೇಲೆ ಬರೆಯುವ ಮಾತು. ಮಕ್ಕಳು ಬಾಯಿತಪ್ಪಿ ಹೇಳಿದರೂ ಅಜ್ಜಿಯರು ಬೈದು ತಿದ್ದುತ್ತಾರೆ. ಆ ಮನುಷ್ಯ ಒಳ್ಳೆಯ ಮನೆತನದವನಿರಬೇಕು. ಗಳಿಗೆ ತಡೆದು, "ತಕ್ ನಿನಗೇ," ಎಂದು ಮೆಲ್ಲಗೆ ಉತ್ತರಿಸಿ, ಓಡಿದಂತೆ ಹೋದ. ಇಷ್ಟೇ ನಡೆದದ್ದು. ಅವನನ್ನು ಆ ಒಂದು ಗಳಿಗೆಯೂ ನಿಲ್ಲಿಸಿದಳು. ನಿಲ್ಲಿಸಿ, ಇನ್ನೂ ಬದುಕಿರಬೇಕಾದ ಒಂದು ವಸ್ತುವಿಗೆ ಕಲ್ಲಿನ ಮೇಲಿನ ಮಾತು ಹೇಳಿ ಕಳಿಸಿದಳು. ಆಮೇಲೆ ಕಿಟಕಿಯ ಬಳಿ ಲೆಕ್ಕ ಹಾಕಿದಳು: ಎದುರು ಗಾಳಿ ಇಷ್ಟು, ಹಾರಾಟ ಇಷ್ಟು, ಓಸ್ಲೊದ ವಿಮಾನ ನಿಲ್ದಾಣದಿಂದ ಆಸ್ಪತ್ರೆಗೆ ಇಷ್ಟು. ಕೂಡಿದಾಗಲೆಲ್ಲ ಮೊತ್ತ ನಾಲ್ಕರ ಅಂಚಿಗೆ ಬಂದು ನಿಲ್ಲುತ್ತಿತ್ತು. ಈಗಲೂ, ಕಚೇರಿಯಲ್ಲಿ ಮುನ್ಸೂಚನೆಯ ಕೊನೆಯ ಸಾಲು ಬರೆದು ಮುಗಿಸಿದಾಗ, ಕೈ ಅದನ್ನೇ ಕೂಡಲು ಹೋಗುತ್ತದೆ.

ಆದ್ದರಿಂದ ಹೋವರ್‌ನ ಸಮಾಧಿಯ ಕಲ್ಲು ಹಾಗೇ ಇದೆ. ಹೆಸರಿದೆ, ಎರಡು ಇಸವಿಗಳಿವೆ, ಕೆಳಗೆ ನಯ ಮಾಡಿದ ಖಾಲಿ ಜಾಗ. ದ್ವೀಪದ ಸ್ಮಶಾನದಲ್ಲಿ ಎಲ್ಲ ಕಲ್ಲುಗಳೂ ಎಲ್ಲಕ್ಕೂ ತಕ್ ಎನ್ನುತ್ತವೆ, ಮಾವನದೂ. ಹೋವರ್‌ನದು ಮಾತ್ರ ಬಾಯಿ ಮುಚ್ಚಿ ನಿಂತಿದೆ. ಏನು ಕೆತ್ತಲಿ ಎಂದು ಕಲ್ಲಿನವನು ಬೋರ್ಗಿಲ್ಡ್‌ಳನ್ನು ಕೇಳಿದಾಗ, 'ಸೊಸೆಯನ್ನು ಕೇಳು' ಎಂದಿದ್ದಳಂತೆ. ಸೊಸೆಯನ್ನು ಕೇಳಿದಾಗ, 'ಆಮೇಲೆ' ಎಂದಿದ್ದಳು. ಅಂಗಡಿಯಲ್ಲಿ ಜನ ಆಡಿಕೊಂಡರು, ಓಸ್ಲೊ ಕಡೆಯವಳು, ಎರಡು ಪದಕ್ಕೂ ಜಿಪುಣತನ ಎಂದು. ಬೋರ್ಗಿಲ್ಡ್ ಅವರಿಗೆ ಏನೆಂದು ಬೈದಳೋ ಗೊತ್ತಿಲ್ಲ. ಮತ್ತೆ ಯಾರೂ ಆಡಲಿಲ್ಲ.

ಕಾಫಿ ಬಂತು. ಬೋರ್ಗಿಲ್ಡ್ ಕೋಟಿನ ಜೇಬಿನಿಂದ ಕಾಗದ ಸುತ್ತಿದ ಲೆಫ್ಸೆ ತೆಗೆದಳು, ಬೆಣ್ಣೆ ಸಕ್ಕರೆ ಸವರಿ ಮಡಚಿದ ತೆಳು ರೊಟ್ಟಿ. ಒಂದನ್ನು ತೋರುನ್‌ಗೆ ಕೊಟ್ಟಳು.

"ಇದನ್ನ ಹೇಗೆ ಬಿಟ್ರು?"

"ಇದನ್ನೂ ದ್ರವ ಅಂದಿದ್ರೆ ನಾನು ಮನೆಗೆ ಹೋಗ್ತಿದ್ದೆ." ಕಿಟಕಿಗೆ ಹಣೆ ಒತ್ತಿ ಅವಳು ಕೆಳಗೆ ನೋಡಿದಳು. ನೆಲವೆಲ್ಲ ಬಿಳಿ, ಒಂದು ಮನೆಯಿಲ್ಲ. "ಇಷ್ಟು ಅಗಲ ಇದ್ಯಾ ನಮ್ಮ ದೇಶ? ಇದನ್ನೆಲ್ಲ ಯಾರಿಗೆ ಅಂತ ಇಟ್ಕೊಂಡಿದೀವಿ?"

ತೋರುನ್ ನಕ್ಕಳು. ನಗು ಬಂದದ್ದು ಅವಳಿಗೇ ಕೇಳಿಸಿತು.

"ಅವನೂ ಇದೇ ದಾರೀಲೇ ಬಂದನಾ?" ಬೋರ್ಗಿಲ್ಡ್ ಕಿಟಕಿಯಿಂದ ಮುಖ ತಿರುಗಿಸದೆಯೇ ಕೇಳಿದಳು.

ತೋರುನ್ ಲೆಫ್ಸೆಯನ್ನು ಕಾಗದದ ಮೇಲೆ ಇಟ್ಟಳು. "ಇದೇ ದಾರಿ."

"ಆ ವಿಷಯ ಎತ್ಬೇಡ ಅಂದಿದ್ದೆ ನೀನು. ಎತ್ತಲಿಲ್ಲ. ಎರಡು ಚಳಿಗಾಲ ಬಾಯಿ ಬಿಗಿ ಹಿಡ್ಕೊಂಡೆ. ನಮ್ಮ ದ್ವೀಪದಲ್ಲಿ ಯಾರನ್ನಾದ್ರೂ ಕೇಳು, ಬೋರ್ಗಿಲ್ಡ್ ಎರಡು ಗಂಟೆ ಸುಮ್ನಿದ್ದದ್ದು ಯಾರೂ ನೋಡಿಲ್ಲ. ಆದ್ರೆ ಒಂದು ತಕ್ ಹೇಳ್ದೆ ಉಳ್ಕೊಂಡಿದೆ. ನೆಲದ ಮೇಲೆ ಬಾಯಿಗೆ ಬರ್ಲಿಲ್ಲ. ಇಲ್ಲಿ ಹೆದರಿಕೆ ಹೇಗೂ ಇದೆ, ಅದರ ಜೊತೆಗೇ ಹೇಳಿಬಿಡ್ತೀನಿ."

"ಬೋರ್ಗಿಲ್ಡ್—"

"ಸುಮ್ನಿರು. ನೀನು ಕಾದೆ."

ತೋರುನ್ ಮುಂದಿನ ಸೀಟಿನ ಬೆನ್ನನ್ನು ನೋಡಿದಳು. ಅಲ್ಲಿ ಬಟ್ಟೆಯ ಹೊಲಿಗೆ ಒಂದು ಕಡೆ ಬಿಟ್ಟಿತ್ತು.

"ಆ ಲಾರಿಯವನು, ನಮ್ಮ ಓಡ್‌ಮುನ್, ದಾರಿಯುದ್ದಕ್ಕೂ ಅದೇ ಹೇಳ್ತಿದ್ದ: 'ಅಷ್ಟು ಹೊತ್ತು ಬಿಡಲ್ಲ ಬೋರ್ಗಿಲ್ಡ್, ತಯಾರಾಗಿರು, ಮುಗಿದಿರತ್ತೆ.' ಹಿಮದಲ್ಲಿ ಎರಡು ಸಲ ನಿಂತ್ವಿ. ನಾನೂ ಮುಗಿದಿದೆ ಅಂದ್ಕೊಂಡೇ ಬಂದೆ. ಮೀನಿನ ವಾಸನೆ ಹೊಡೀತಾ ಆ ಬೆಳ್ಳಗಿನ ಕೋಣೆಗೆ ಬಂದ್ರೆ ನೀನು ಕೂತಿದೀಯ. ನಿನ್ನ ಪಕ್ಕ ಅವನು, ಬೆಚ್ಚಗೆ. ನಾನೇನ್ಮಾಡಿದೆ ನೆನಪಿದ್ಯಾ?"

ನೆನಪಿತ್ತು. ಬೋರ್ಗಿಲ್ಡ್ ಕೋಟನ್ನೂ ಕಳಚದೆ, ಯಾರನ್ನೂ ಕೇಳದೆ, ತಂತಿಗಳನ್ನು ಪಕ್ಕಕ್ಕೆ ಸರಿಸಿ, ಮಗನ ಎದೆಯ ಮೇಲೆ ಕಿವಿಯಿಟ್ಟು ಮಲಗಿಬಿಟ್ಟಿದ್ದಳು. ನರ್ಸು ತಡೆಯಲು ಹೆಜ್ಜೆ ಮುಂದಿಟ್ಟು ಹಿಂದಕ್ಕೆ ತೆಗೆದುಕೊಂಡಳು. ಬೋರ್ಗಿಲ್ಡ್‌ಳ ಟೋಪಿಯಿಂದ ಹಿಮ ಕರಗಿ ಹೊದಿಕೆಯ ಮೇಲೆ ಇಳಿಯುತ್ತಿತ್ತು. ತೋರುನ್ ಆ ಹೊತ್ತಿನಲ್ಲೂ ಗೋಡೆಯ ಗಡಿಯಾರ ನೋಡಿದ್ದಳು. ನೋಡಿದ್ದಕ್ಕೆ ತನ್ನನ್ನು ತಾನು ಕ್ಷಮಿಸಿರಲಿಲ್ಲ. ನೋಡಿಯೂ ಏಳು ಎನ್ನದೇ ಇದ್ದದ್ದಕ್ಕೂ ಕ್ಷಮಿಸಿರಲಿಲ್ಲ.

"ಹುಟ್ಟೋಕೆ ಮುಂಚೆ ಸೂಲಗಿತ್ತಿ ಕೊಳವೆ ಇಟ್ಟು ಕೇಳಿಸಿದ್ಲು ನಂಗೆ," ಎಂದಳು ಬೋರ್ಗಿಲ್ಡ್. "ಕುದುರೆ ಓಡಿದ ಹಾಗಿತ್ತು. ಅವತ್ತು ನಿಧಾನವಾಗಿತ್ತು. ಆದ್ರೆ ಅದೇನೇ. ಮೊದಲ ಸಲ ಕೇಳಿದ್ದೂ ನಾನು, ಕೊನೆ ಸಲ ಕೇಳಿದ್ದೂ ನಾನು. ಎಷ್ಟು ತಾಯಂದಿರಿಗೆ ಸಿಗತ್ತೆ ಅದು? ಅದನ್ನ ನೀನು ಕೊಟ್ಟೆ ನಂಗೆ. ಊಟಕ್ಕೆ ತಕ್ ಹೇಳ್ತೀನಿ, ಸುಡುಗಾಡು ಕಾಫಿಗೂ ಹೇಳ್ತೀನಿ, ಇದಕ್ಕೆ ಹೇಳ್ಲಿಲ್ಲ." ಅವಳು ತಿರುಗಿದಳು. ಕಣ್ಣು ಕೆಂಪಗಿತ್ತು, ದನಿ ಒರಟಾಗಿತ್ತು. "ಕಾದಿದ್ದಕ್ಕೆ ತಕ್, ಹುಡುಗಿ."

ಇದಕ್ಕೆ ಏನು ಹೇಳಬೇಕೆಂದು ತೋರುನ್‌ಗೆ ಗೊತ್ತಿತ್ತು. ಎಲ್ಲ ತಕ್‌ಗಳಿಗೂ ಒಂದೇ ಉತ್ತರ. ಅದು ಬಾಯಿಗೆ ಬರಲಿಲ್ಲ. ಅವಳು ತಡ ಎಂದು ಹೆಸರಿಟ್ಟು ಹೊತ್ತುಕೊಂಡಿದ್ದದ್ದನ್ನು ಈ ಮುದುಕಿ ಅಷ್ಟೂ ದಿನ ಕಾಯುವುದು ಎಂದು ಕರೆಯುತ್ತಿದ್ದಳು. ಎರಡೂ ಒಂದೇ ಮಧ್ಯಾಹ್ನ. ಒಂದೇ ಕುರ್ಚಿ, ಒಂದೇ ಕಿಟಕಿ. ಒಳಗೆ ಏನೋ ಸಡಿಲವಾದಂತೆ, ಕಟ್ಟಿದ್ದ ಬೂಟಿನ ದಾರ ಬಿಚ್ಚಿಕೊಂಡಂತೆ ಆಯಿತು. ಅಳು ಬರಬಹುದೆಂದು ಕಾದಳು, ಬರಲಿಲ್ಲ. ಕಾಫಿಯ ಲೋಟದಲ್ಲಿ ಕಾಫಿ ಸಣ್ಣಗೆ ನಡುಗುತ್ತಿತ್ತು. ಕಿವಿ ಕಟ್ಟಿತು. ವಿಮಾನ ಇಳಿಯಲು ತೊಡಗಿತ್ತು.

ಕೆಳಗೆ ಕಾಡು ಬಂತು, ದಟ್ಟ ಕಪ್ಪು ಕಾಡು, ನಡುವೆ ಹೆಪ್ಪುಗಟ್ಟಿದ ಕೆರೆಗಳು. ಅವಳು ಹುಟ್ಟಿ ಬೆಳೆದ ಸೀಮೆ. ಇಲ್ಲಿಯವರೆಗೆ ಬಂದಿರುತ್ತಾರೆ ಅವರು ಆ ನೀಲಿ ಡಬ್ಬಿಯೊಂದಿಗೆ ಎಂದುಕೊಂಡಳು. ಇಷ್ಟರವರೆಗೆ ಬಂದೇ ಇರುತ್ತಾರೆ. ಇಲ್ಲಿಂದ ಮುಂದೆ ಅವಳಿಗೆ ಗೊತ್ತಿರಲಿಲ್ಲ, ಲೆಕ್ಕದಲ್ಲಿ ಮಾತ್ರ ಗೊತ್ತಿತ್ತು. ಗೊತ್ತಿಲ್ಲದೆ ಇರುವುದೇ ಒಂದು ಬಗೆಯ ಬದುಕಾಗಿತ್ತು. ಅದರಲ್ಲಿ ಅವನು ಪೂರ್ತಿ ಸತ್ತಿರಲಿಲ್ಲ, ಅವಳು ಪೂರ್ತಿ ತಪ್ಪಿತಸ್ಥಳೂ ಆಗಿರಲಿಲ್ಲ.

"ನೀನು ಕೇಳಿದೀಯ," ಎಂದಳು. ಅದು ಪ್ರಶ್ನೆಯಾಗಿರಲಿಲ್ಲ. "ಆಸ್ಪತ್ರೆಗೆ ಫೋನ್ ಮಾಡಿ."

ಬೋರ್ಗಿಲ್ಡ್ ಬೆಲ್ಟು ಸರಿಪಡಿಸಿಕೊಂಡಳು. "ಮಾರನೇ ತಿಂಗಳೇ."

"ಗೊತ್ತಾ ನಿಂಗೆ?"

"ಗೊತ್ತು."

"ಇಷ್ಟು ದಿನ ಗೊತ್ತಿತ್ತಾ?"

"ಹೇಳ್ಬೇಡ ಅಂದಿದ್ದೆಯಲ್ಲ, ಹೇಳ್ಲಿಲ್ಲ. ಹೇಳಲಾ?"

ನೆಲ ಹತ್ತಿರ ಬರುತ್ತಿತ್ತು. ಒಂದು ಕೆಂಪು ಕಣಜ, ಹಿಮ ತಳ್ಳುವ ಗಾಡಿ, ರಸ್ತೆಯಲ್ಲಿ ಸಾಲು ಕಾರುಗಳು. ತೋರುನ್ ಕಿಟಕಿಯ ಕಡೆಗೆ ಬಾಗಿ ಅತ್ತೆಯ ಕೈ ಹುಡುಕಿಕೊಂಡಳು. ಈ ಸಲ ಹಿಡಿದವಳು ಅವಳು.

"ಹೇಳು."

"ತಲುಪ್ತು," ಎಂದಳು ಬೋರ್ಗಿಲ್ಡ್. "ಹೊತ್ತಿಗೆ ಸರಿಯಾಗಿ ತಲುಪ್ತು. ಕೂರಿಸಿದ್ರು. ಯಾರು, ಏನು, ಗಂಡೋ ಹೆಣ್ಣೋ, ಏನೂ ಹೇಳಲ್ಲ. ದಕ್ಷಿಣದಲ್ಲೇ ಎಲ್ಲೋ ಇದ್ದಾರಂತೆ. ಮೊದಲು ಮೂರು ಮೆಟ್ಟಿಲಿಗೊಂದು ಸಲ ನಿಲ್ತಿದ್ರಂತೆ. ಈಗ ನಿಲ್ಲದೆ ಹತ್ತುತ್ತಾರಂತೆ."

ಚಕ್ರಗಳು ನೆಲ ತಾಗಿದವು. ಬೋರ್ಗಿಲ್ಡ್ ಉದ್ದನೆಯ, ಹಲವು ಪ್ರಾಣಿಗಳು ಬರುವ ಒಂದು ಬೈಗುಳವನ್ನು ಪೂರ್ತಿ ಹೇಳಿದಳು. ಎರಡು ಸಾಲು ಮುಂದೆ ಕೂತಿದ್ದ ಟೋಪಿಯವನು ತಿರುಗಿ ನೋಡಿದ. ತೋರುನ್ ಕಣ್ಣು ಒರೆಸಿಕೊಂಡು, ಹೋವರ್ ಅಷ್ಟು ವರ್ಷ ಹೇಳಿಸಲು ನೋಡಿ ಸೋತಿದ್ದ ಬೈಗುಳವನ್ನು, ಅವನದೇ ಉಚ್ಚಾರದಲ್ಲಿ, ಮೆಲ್ಲಗೆ ಹೇಳಿದಳು.

ಬೋರ್ಗಿಲ್ಡ್ ಅವಳನ್ನೇ ನೋಡಿದಳು. "ಚೆನ್ನಾಗಿ ಬರ್ಲಿಲ್ಲ."

"ಸುತ್ತೋಲೆ ಓದಿದ ಹಾಗಿದ್ಯಾ?"

"ಹೂಂ. ಆದ್ರೆ ಸಹಿ ಇದೆ." ಆಮೇಲೆ, ಚೀಲ ಎಳೆದುಕೊಳ್ಳುತ್ತಾ, "ಆ ಕಲ್ಲನ್ನ ಹಾಗೇ ಬಿಡೋಣ," ಎಂದಳು. "ಖಾಲಿ ಇರ್ಲಿ. ಅಂಗಡಿಯವರು ಏನಾದ್ರೂ ಅಂದ್ಕೊಂಡು ಸಾಯ್ಲಿ. ಈ ಆಗಸ್ಟಲ್ಲಿ ಜವುಗಿಗೆ ಬಾ. ನಂಗೆ ಮಂಡಿ ಬಗ್ಗಲ್ಲ, ಒಬ್ಬರಿಗಾದ್ರೂ ಜಾಗ ಗೊತ್ತಿರ್ಬೇಕು."

"ಹತ್ತು ವರ್ಷ ಆಗಿಲ್ವಲ್ಲ."

"ಹತ್ತಿರ ಬಂತು ಬಿಡು."

ಹೊರಬಾಗಿಲಿನ ಆಚೆ ಜನ ಕಾಯುತ್ತಿದ್ದರು. ಹೂವು ಹಿಡಿದವರು, ಕಾಗದದ ಪುಟ್ಟ ಬಾವುಟ ಹಿಡಿದವರು, ಮಕ್ಕಳನ್ನು ಭುಜದ ಮೇಲೆ ಕೂರಿಸಿಕೊಂಡವರು. ಗಾಜಿನ ಬಾಗಿಲು ತೆರೆದಾಗಲೆಲ್ಲ ಅಷ್ಟೂ ಮುಖಗಳು ಒಮ್ಮೆಗೇ ಮೇಲೆದ್ದು ನೋಡಿ, ತಮ್ಮವರಲ್ಲವೆಂದು ಕಂಡು ಕೆಳಗಿಳಿಯುತ್ತಿದ್ದವು. ಬೋರ್ಗಿಲ್ಡ್ ತಂಗಿಯನ್ನು ಹುಡುಕುತ್ತಾ ಮುಂದೆ ಹೋದಳು. ತೋರುನ್ ನಿಂತಳು. ಆ ಹೃದಯ ಹೊತ್ತವರು ಇವರಲ್ಲಿ ಇರಲಾರರು. ಇರಲಾರರೆಂದು ಹೇಳುವುದಕ್ಕೂ ಆಗದು. ದಕ್ಷಿಣದಲ್ಲೇ ಎಲ್ಲೋ. ಬಾಗಿಲಿನಿಂದ ಮೇಲಿನ ಅಂತಸ್ತಿಗೆ ಒಂದು ಮೆಟ್ಟಿಲ ಸಾಲಿತ್ತು. ಜನ ಅದನ್ನು ಹತ್ತುತ್ತಿದ್ದರು, ನಿಲ್ಲದೆ. ಅವಳು ಅವರನ್ನು ನೋಡಿದಳು, ಕಾಯುವವರನ್ನು ನೋಡಿದಳು, ಮತ್ತೆ ಬಾಯಿ ತಾನಾಗಿ ತೆರೆಯಿತು. ಈ ಸಲ ಅವಳು ಅದನ್ನು ತಡೆಯಲಿಲ್ಲ, ಅದು ಹೇಳುವ ಮಾತು ಸರಿಯಾದದ್ದೆಂದು ಅವಳಿಗೆ ಗೊತ್ತಿತ್ತು.

"ಕಳೆದ ಸಲಕ್ಕೆ ತಕ್," ಎಂದಳು, ಯಾರಿಗೂ ಅಲ್ಲದೆ, ಇಡೀ ನಿಲ್ದಾಣಕ್ಕೆ.

ಹತ್ತಿರ ನಿಂತಿದ್ದ ಒಬ್ಬಾತ ತಿರುಗಿದ. ಐವತ್ತು ದಾಟಿದವನು, ಕೈಯಲ್ಲಿ ಬಾವುಟ, ಕೊರಳಿಗೆ ಮನೆಯಲ್ಲೇ ಹೆಣೆದ ಶಾಲು. ಅಪರಿಚಿತಳ ಮುಖ ನೋಡಿ ಅವನಿಗೆ ಒಂದು ಗಳಿಗೆ ಗಲಿಬಿಲಿಯಾಯಿತು, ಆದರೂ ಹೇಳಬೇಕಾದ್ದನ್ನು ಹೇಳಿದ.

"ತಕ್ ನಿನಗೇ! ಹೂಂ, ಕಳೆದ ಸಲಕ್ಕೆ." ಆಮೇಲೆ ಹುಬ್ಬು ಗಂಟಿಕ್ಕಿ, ನಗುತ್ತಲೇ, ಇವಳನ್ನು ಎಲ್ಲಿ, ಯಾವಾಗ, ಯಾರ ಮನೆಯಲ್ಲಿ ಕಂಡಿದ್ದೆ ಎಂದು ನೆನಪಿಸಿಕೊಳ್ಳಲು ತೊಡಗಿದ.

ತೋರುನ್ ನಿಂತೇ ಇದ್ದಳು. ಅವನು ನೆನಪಿಸಿಕೊಳ್ಳಲಿ ಎಂದು ಕಾದಳು. ಅವಳಿಗೆ ಅವಸರವಿರಲಿಲ್ಲ.